ಬೆಲೆ ಬರೆಯುವ ಜಾಗ

ಜನವರಿ 8

ಪ್ರೀತಿಯ ಚಿಕ್ಕು,

ಫೋನು ಮಾಡಬಹುದಿತ್ತು. ಆದರೆ ಫೋನಿನಲ್ಲಿ ನೀನು ಎರಡನೇ ಮಾತಿಗೇ "ಅಕ್ಕಾ, ಸ್ವಲ್ಪ ಸಮಾಧಾನ ಮಾಡ್ಕೋ" ಅನ್ನುತ್ತೀಯ, ನಾನು ಫೋನು ಕುಕ್ಕುತ್ತೇನೆ. ಕಾಗದದಲ್ಲಾದರೆ ನಾನು ಹೇಳಿ ಮುಗಿಸುವವರೆಗೆ ನಿನ್ನ ಬಾಯಿ ಮುಚ್ಚಿರುತ್ತದೆ.

ಸೋಮವಾರ ಬೆಳಿಗ್ಗೆ ಒಬ್ಬ ತಾಯಿ ಆರು ವರ್ಷದ ಮಗಳನ್ನು ಕರೆದುಕೊಂಡು ವರ್ಕ್‌ಶಾಪಿಗೆ ಬಂದಳು. ಆ ಹುಡುಗಿ ಒಂದು ಕ್ಷಣ ನಿಂತಲ್ಲಿ ನಿಲ್ಲುವವಳಲ್ಲ, ಅದಕ್ಕೇ ನಾನು ಗಿರಗಿಟ್ಲೆ ಎಂದು ಹೆಸರಿಟ್ಟೆ. ಬಲಗಾಲಿಗೆ ಆಸರೆಯಾಗಿ ಯಾವುದೋ ಕಂಪನಿಯ ಕ್ಯಾಲಿಪರ್ ಕಟ್ಟಿದ್ದರು. "ಇದು ಗಿಡ್ಡ ಆಗಿದೆ ಮೇಡಂ, ಮಗು ಸೊಂಟ ವಾಲಿಸ್ಕೊಂಡು ನಡೀತಿದೆ. ಸ್ವಲ್ಪ ಉದ್ದ ಮಾಡಿಕೊಡ್ತೀರಾ?" ಅಂದಳು ತಾಯಿ. ನಾನು ಬಗ್ಗಿ ನೋಡಿದೆ. ಚಿಕ್ಕು, ಅದು ನನ್ನ ಪಟ್ಟಿ.

ಒಂದರ ಮೇಲೊಂದು ಜಾರುವ ಎರಡು ಉಕ್ಕಿನ ಪಟ್ಟಿ, ನಡುವೆ ಹಲ್ಲು, ಮಂಡಿಯ ಪಕ್ಕದಲ್ಲಿ ಕೀಲಿ ಹಾಕುವ ತೂತು. ಮಗು ಬೆಳೆದಂತೆ ಮನೆಯಲ್ಲೇ ಕೀಲಿ ತಿರುಗಿಸಿ ಒಂದೊಂದೇ ಹಲ್ಲು ಉದ್ದ ಮಾಡಿಕೊಳ್ಳಬಹುದು. ವರ್ಷಕ್ಕೊಮ್ಮೆ ಹೊಸ ಕ್ಯಾಲಿಪರ್ ಮಾಡಿಸುವ ಕಷ್ಟ ತಂದೆತಾಯಿಗೆ ಇರಬಾರದು ಎಂದು ನಾನು ಹನ್ನೊಂದು ವರ್ಷ ಕೂತು ಮಾಡಿದ್ದು. ಅದರ ಪೇಟೆಂಟ್ ಪತ್ರ ನೀನು ಕಳಿಸಿದ ಚೌಕಟ್ಟಿನಲ್ಲಿ ಗೋಡೆಯ ಮೇಲಿದೆ.

ನನ್ನದೇ ಎಂದು ಹೇಗೆ ಗೊತ್ತು ಅನ್ನುತ್ತೀಯ. ಹನ್ನೊಂದನೇ ಹಲ್ಲು ನೋಡಿದೆ. ಮೊದಲ ಮಾದರಿ ಮಾಡುವಾಗ ನನ್ನ ಅರ ಜಾರಿ ಆ ಹಲ್ಲು ಸ್ವಲ್ಪ ಓರೆಯಾಗಿತ್ತು. ಕೆಲಸಕ್ಕೇನೂ ತೊಂದರೆ ಇಲ್ಲವೆಂದು ಹಾಗೇ ಬಿಟ್ಟಿದ್ದೆ. ಇವರದರಲ್ಲೂ ಹನ್ನೊಂದನೇ ಹಲ್ಲು ಓರೆ! ನನ್ನ ಕೈ ಜಾರಿದ್ದನ್ನೂ ಬಿಡದೆ ಕದ್ದಿದ್ದಾರೆ ಈ ಕಂಪನಿಯವರು.

ಕದ್ದರೆ ಕದಿಯಲಿ, ಮಕ್ಕಳಿಗೆ ಸಿಕ್ಕಿತಲ್ಲ ಎಂದು ಸುಮ್ಮನಿರುತ್ತಿದ್ದೆನೋ ಏನೋ. ಆದರೆ ಕೀಲಿಯ ತೂತಿನ ಮೇಲೆ ಸೀಲು ಒತ್ತಿದ್ದಾರೆ. ಉದ್ದ ಮಾಡಬೇಕಾದರೆ ಅವರ ಸೆಂಟರಿಗೇ ಹೋಗಬೇಕು, ಒಂದೊಂದು ಹಲ್ಲಿಗೂ ದುಡ್ಡು ಕಟ್ಟಬೇಕು, ಸೀಲು ಒಡೆದರೆ ಗ್ಯಾರಂಟಿ ಇಲ್ಲ. ತಾಯಿ ಎರಡು ಸಲ ಕಟ್ಟಿದಳಂತೆ, ಮೂರನೇ ಸಲಕ್ಕೆ ಕೈಯಲ್ಲಿ ಇರಲಿಲ್ಲ. ಅದಕ್ಕೇ ಮಗು ನಾಲ್ಕು ತಿಂಗಳಿಂದ ಕುಂಟುತ್ತಿದೆ. ಉದ್ದವಾಗಲಿ ಎಂದು ನಾನು ಮಾಡಿದ ವಸ್ತುವಿಗೆ ಬೀಗ ಜಡಿದು ಮಾರುತ್ತಿದ್ದಾರೆ. ಆವತ್ತಿನಿಂದ ನನಗೆ ಊಟ ಸೇರುತ್ತಿಲ್ಲ.

ಕೇಸು ಹಾಕಬೇಕು. ವಕೀಲರ ಗುಮಾಸ್ತನಾಗಿ ಹದಿನಾರು ವರ್ಷದಿಂದ ಇಂಥ ಕೇಸುಗಳ ಕೋರ್ಟಿನ ಕೌಂಟರಿನ ಮುಂದೆ ನಿಂತಿದ್ದೀಯಲ್ಲ, ಎಷ್ಟಾಗುತ್ತದೆ ಹೇಳು. ಎಷ್ಟಾದರೂ ಆಗಲಿ.

ನಿನ್ನ ಅಕ್ಕ

ಜನವರಿ 15

ಅಕ್ಕನಿಗೆ ನಮಸ್ಕಾರ.

ನಿನ್ನ ಕಾಗದವನ್ನು ನಮ್ಮ ವಕೀಲಮ್ಮನಿಗೆ ಓದಿ ಹೇಳಿದೆ, ಬೈಗುಳಗಳನ್ನು ಬಿಟ್ಟು. ಕೇಸು ಗಟ್ಟಿ ಇದೆ ಎಂದರು. ನಡೆಸಲು ಒಪ್ಪಿದ್ದಾರೆ.

ಆದರೆ "ಎಷ್ಟಾದರೂ ಆಗಲಿ" ಎಂದು ಬರೆದಿದ್ದೀಯಲ್ಲ, ಆ ಮಾತು ಹೇಳಿದವರನ್ನು ನಾನು ಬಹಳ ಜನ ನೋಡಿದ್ದೇನೆ. ಬರುವಾಗ ಎದೆ ಸೆಟೆಸಿಕೊಂಡು ಬರುತ್ತಾರೆ. ಅರ್ಜಿಯ ಶುಲ್ಕ ಕಟ್ಟಿದ ಕೂಡಲೇ ಅರ್ಧ ಗೆದ್ದೆವು ಅಂದುಕೊಳ್ಳುತ್ತಾರೆ. ಅದು ಬಾಗಿಲಿನ ಟಿಕೆಟ್ಟು, ಅಷ್ಟೇ. ಆಮೇಲೆ ವಿಚಾರಣೆಯ ಒಂದೊಂದು ದಿನಕ್ಕೂ ಶುಲ್ಕವಿದೆ. ನಿನ್ನ ಓರೆ ಹಲ್ಲು ಓರೆಯೇ ಎಂದು ಹೇಳಲು ಒಬ್ಬ ಪರಿಣತ ಬೇಕು, ಅವನ ಶುಲ್ಕವೂ ನಮ್ಮದೇ. ಅವರು ಸುಮ್ಮನಿರುವುದಿಲ್ಲ, ನಿನ್ನ ಪೇಟೆಂಟೇ ಸರಿಯಿಲ್ಲ, ರದ್ದು ಮಾಡಿ ಎಂದು ಎದುರು ಅರ್ಜಿ ಹಾಕುತ್ತಾರೆ. ಅದಕ್ಕೆ ಉತ್ತರ ಕೊಡಲೂ ಖರ್ಚು. ಮೂರನೇ ವಿಚಾರಣೆಗೆ ದುಡ್ಡಿಲ್ಲದೆ ಕೇಸು ಬಿಟ್ಟು ಹೋದವರ ಫೈಲುಗಳೇ ನಮ್ಮ ಆಫೀಸಿನಲ್ಲಿ ಎರಡು ಬೀರು ತುಂಬಿವೆ. ಅವರಲ್ಲಿ ಹೆಚ್ಚಿನವರು ನಿನ್ನ ಹಾಗೆಯೇ ಸರಿಯಾಗಿದ್ದವರು.

ಇನ್ನೊಂದು ವಿಷಯ. ಮಾರ್ಚ್ ಒಂದರಿಂದ ಶುಲ್ಕ ಮೂರು ಪಟ್ಟು ಆಗುತ್ತದೆ. ಈಗ ನೂರಕ್ಕೆ ಐದು, ಆಗ ನೂರಕ್ಕೆ ಹದಿನೈದು. ಫೆಬ್ರವರಿ ಮುಗಿಯುವುದರೊಳಗೆ ಹಾಕಿದವರಿಗೆ ಹಳೇ ದರ.

ಈ ನೂರಕ್ಕೆ ಐದು ಯಾವುದರ ಮೇಲೆ ಗೊತ್ತೇ? ಅರ್ಜಿಯಲ್ಲಿ "ಹಕ್ಕಿನ ಬೆಲೆ" ಎಂದು ಒಂದು ಜಾಗವಿದೆ. ಅಲ್ಲಿ ನಾವು ಬರೆಯುವ ಮೊತ್ತದ ಮೇಲೆ. ಮೂರು ಲಕ್ಷದೊಳಗೆ ಬರೆದರೆ ಮಾತ್ರ ನೂರಕ್ಕೆ ಮೂರೇ, ಒಂಬತ್ತು ಸಾವಿರ ಕಟ್ಟಿದರೆ ಸಾಕು. ಪರಿಹಾರವೂ ಅಷ್ಟರೊಳಗೇ ಸಿಗುತ್ತದೆ, ನಿಜ. ಆದರೆ ಅವರು ಮಾರುವುದನ್ನು ನಿಲ್ಲಿಸಿ ಎಂದು ಕೋರ್ಟು ಹೇಳಲು ಆ ಮೊತ್ತ ಎಷ್ಟಿದ್ದರೂ ಒಂದೇ. ಉಳಿದ ದುಡ್ಡು ವಿಚಾರಣೆಯ ದಿನಗಳಿಗೆ ಇರುತ್ತದೆ. ನನ್ನ ಯೋಜನೆ ಇದು.

ಅರ್ಜಿಯ ನಮೂನೆ ಎರಡು ಪ್ರತಿ ಕಳಿಸುತ್ತಿದ್ದೇನೆ. ಎರಡಕ್ಕೂ ಸಹಿ ಹಾಕು. ಬೆಲೆ ಬರೆಯುವ ಜಾಗ ಖಾಲಿ ಬಿಡು, ನಾನು ತುಂಬಿಕೊಳ್ಳುತ್ತೇನೆ.

ನಿನ್ನ ತಮ್ಮ

ಜನವರಿ 21

ಗುಮಾಸ್ತರೇ,

ಖಾಲಿ ಬಿಡು ಅಂತೀಯಾ? ನನಗೆ? ಅಪ್ಪನ ಮಗನಾಗಿ ಹುಟ್ಟಿ ಆ ಮಾತು ಬರೆಯಲು ನಿನಗೆ ಕೈ ಹೇಗೆ ಬಂತು?

ಮರೆತಿದ್ದರೆ ನೆನಪು ಮಾಡುತ್ತೇನೆ. ಅಪ್ಪ ಈ ವರ್ಕ್‌ಶಾಪ್ ನಡೆಸುತ್ತಿದ್ದಾಗ ಒಂದೇ ಒಂದು ಸಲ ಅಳತೆ ಚೀಟಿಯಲ್ಲಿ ಒಂದು ಜಾಗ ಖಾಲಿ ಬಿಟ್ಟರು. ಮಗು ಅಳುತ್ತಿತ್ತು, ಎಡಗಾಲು ಅಳೆಯಲು ಬಿಡಲಿಲ್ಲ, ನಾಳೆ ಬಾ ಎಂದು ಕಳಿಸಿದರು. ಮಧ್ಯದಲ್ಲಿ ಕೆಲಸದವನೊಬ್ಬ "ಎರಡೂ ಕಾಲು ಒಂದೇ ಇರುತ್ತೆ ಬಿಡಿ" ಎಂದು ಬಲಗಾಲಿನ ಅಳತೆಯನ್ನೇ ಅಲ್ಲಿ ಬರೆದ. ಅರ್ಧ ಇಂಚು ವ್ಯತ್ಯಾಸ. ಆ ಮಗು ಎಂಟು ತಿಂಗಳು ತಪ್ಪು ಕ್ಯಾಲಿಪರ್ ಹಾಕಿಕೊಂಡು ನಡೆದು ಸೊಂಟ ತಿರುಚಿಕೊಂಡಿತು. ಅವತ್ತಿನಿಂದ ನಮ್ಮಲ್ಲಿ ಖಾಲಿ ಚೀಟಿಗೆ ಸಹಿ ಇಲ್ಲ. ಇದ್ದದ್ದನ್ನು ಇದ್ದ ಹಾಗೆ ಬರೆಯಬೇಕು, ಶಾಯಿಯಲ್ಲಿ, ಕಾರ್ಬನ್ ಇಟ್ಟು ಎರಡು ಪ್ರತಿ. ನೀನೂ ಅಪ್ಪನ ಬೆಂಚಿನ ಮೇಲೆ ಕೂತು ಚೀಟಿ ಬರೆದವನೇ ಅಲ್ಲವೇನೋ?

ಇನ್ನು ಬೆಲೆ. ಗಿರಗಿಟ್ಲೆಯ ಕ್ಯಾಲಿಪರಿನ ಸೀಲಿನ ಮೇಲೆ ನಂಬರಿದೆ, ಆರುನೂರು. ಅಂದರೆ ಆರುನೂರು ಮಾರಿದ್ದಾರೆ. ನನ್ನ ಪಟ್ಟಿಗೆಂದೇ ಒಂದೊಂದಕ್ಕೆ ಏಳು ಸಾವಿರ ಹೆಚ್ಚು ತೆಗೆದುಕೊಂಡಿದ್ದಾರೆ, ತಾಯಿಯ ಹತ್ತಿರ ಬಿಲ್ಲಿದೆ. ನಲವತ್ತೆರಡು ಲಕ್ಷ. ಇದು ನಾನು ಊಹಿಸಿದ್ದಲ್ಲ, ಅಳೆದದ್ದು. ಮೂರು ಲಕ್ಷ ಎಂದು ಬರೆದರೆ ನಾನೇ ನನ್ನ ಕೈಯಿಂದ ಸುಳ್ಳು ಬರೆದ ಹಾಗೆ.

ನಲವತ್ತೆರಡು ಲಕ್ಷ ಎಂದೇ ಬರೆದು, ಸಹಿ ಹಾಕಿ, ಎರಡೂ ಪ್ರತಿ ಇದರ ಜೊತೆ ಇಟ್ಟಿದ್ದೇನೆ. ನನ್ನ ಅಂಕಿ ಮುಟ್ಟಬೇಡ.

ಹದಿನಾರು ವರ್ಷ ಆ ಕೌಂಟರಿನ ಮುಂದೆ ಬಗ್ಗಿ ಬಗ್ಗಿ ನಿನಗೆ ಬೆನ್ನು ನೆಟ್ಟಗೆ ನಿಲ್ಲುವುದೇ ಮರೆತುಹೋಗಿದೆ. ಕಾಲಿಗಲ್ಲ, ನಿನ್ನ ಬೆನ್ನಿಗೆ ಒಂದು ಪಟ್ಟಿ ಮಾಡಿ ಕಟ್ಟಬೇಕು. ಅಳತೆ ಕಳಿಸು.

ಅಕ್ಕ

ಫೆಬ್ರವರಿ 3

ಅಕ್ಕನಿಗೆ,

ಎರಡೂ ಪ್ರತಿ ತಲುಪಿದವು.

ನಿನ್ನ ಅಂಕಿಗೆ ಶುಲ್ಕ ಎರಡು ಲಕ್ಷದ ಹತ್ತು ಸಾವಿರ. ಬಾಗಿಲಿಗೇ ಅಷ್ಟು. ಅದಾದ ಮೇಲೆ ಏನು ಮಾಡುತ್ತೀಯ? ಒಳಗೆ ಹೋಗಿ ಬೆಂಚಿನ ಮೇಲೆ ಕೂತು ಗಾಳಿ ಕುಡಿಯುತ್ತೀಯಾ?

ನನ್ನ ಬೆನ್ನಿನ ವಿಷಯ ಬರೆದೆ. ಇಲ್ಲಿ ಏನು ನಡೆಯುತ್ತಿದೆ ಎಂದು ನಿನಗೆ ಗೊತ್ತಿಲ್ಲ. ಶುಲ್ಕ ಏರುವ ಮೊದಲು ಹಾಕಿಬಿಡಬೇಕೆಂದು ಕೌಂಟರಿನ ಮುಂದೆ ಬೆಳಿಗ್ಗೆ ಏಳಕ್ಕೇ ಸಾಲು. ನಿನ್ನೆ ಒಬ್ಬ ಮುದುಕ, ಮೀನಿನ ಬಲೆಗೆ ಯಾವುದೋ ಹೊಸ ಗಂಟು ಕಂಡುಹಿಡಿದವನು, ಬಂದಿದ್ದ. ಅವನಿಗೆ ನೂರಿಪ್ಪತ್ತು ರೂಪಾಯಿ ಕಡಿಮೆ ಬಿತ್ತು. "ನಾಳೆ ತರ್ತೀನಿ ಸಾರ್, ಇವತ್ತು ತಗೊಳ್ಳಿ" ಅಂದ. ಕಿಟಕಿಯವನು ಕಾಗದಗಳನ್ನೆಲ್ಲ ಅವನ ಕಡೆಗೆ ತಳ್ಳಿದ. ನೂರಿಪ್ಪತ್ತು ನಾನು ಕೊಟ್ಟೆ. ಕೊಡುವಾಗ ಇವನು ಎರಡನೇ ವಿಚಾರಣೆಗೆ ಬರುವುದಿಲ್ಲ ಎಂದೂ ನನಗೆ ಗೊತ್ತಿತ್ತು. ಈ ಶುಲ್ಕ ಏರಿಸಿದವರ ಮೇಲೆ ನಿನಗಿಂತ ನನಗೇ ಹೆಚ್ಚು ಸಿಟ್ಟಿದೆ ಅಕ್ಕ. ನಿನಗೆ ಇದು ಒಂದು ಕೇಸು. ನನಗೆ ದಿನಾ ನೋಡುವುದು.

ನಿನಗೆ ನಿನ್ನ ಮಾತು ನಡೆಯಬೇಕು. ನನಗೆ ನಿನ್ನ ಕೇಸು ಕೊನೆಯವರೆಗೆ ನಡೆಯಬೇಕು. ಇನ್ನೊಮ್ಮೆ ಯೋಚಿಸು.

ತಮ್ಮ

ಫೆಬ್ರವರಿ 8

ಯೋಚಿಸಿದೆ. ಎರಡೂವರೆ ಲಕ್ಷ ನಿನ್ನ ಖಾತೆಗೆ ಹಾಕಿದ್ದೇನೆ. ಎಲ್ಲಿಂದ ಬಂತು ಎಂದು ಕೇಳಬೇಡ. ಅಂಕಿ ಅದೇ. ಹೋಗಿ ಸಾಲಿನಲ್ಲಿ ನಿಲ್ಲು.

ಅಕ್ಕ

ಮಾರ್ಚ್ 2

ಅಕ್ಕನಿಗೆ ನಮಸ್ಕಾರ.

ಫೆಬ್ರವರಿ ಇಪ್ಪತ್ತೇಳರಂದು ಸಂಜೆ ಕೌಂಟರು ಮುಚ್ಚಲು ಇಪ್ಪತ್ತು ನಿಮಿಷ ಇರುವಾಗ ಅರ್ಜಿ ಒಳಗೆ ಹೋಯಿತು. ಕೇಸಿಗೆ ನಂಬರು ಬಿದ್ದಿದೆ. ಹಳೇ ದರದಲ್ಲೇ ಕಟ್ಟಿದ್ದೇನೆ. ಉಳಿದದ್ದನ್ನು ನಿನ್ನ ಹೆಸರಿನಲ್ಲಿ ಬೇರೆ ಇಟ್ಟಿದ್ದೇನೆ.

ಎರಡೂವರೆ ಲಕ್ಷವನ್ನು ನೀನು ಐದು ದಿನದಲ್ಲಿ ಹೊಂದಿಸಿದೆ. ನಿನ್ನ ಕೈಯಲ್ಲಿ ಅಷ್ಟು ಇತ್ತು ಎಂದು ನನಗೆ ಗೊತ್ತಿರಲಿಲ್ಲ. ಸಂತೋಷ.

ತಮ್ಮ

ಮಾರ್ಚ್ 10

ಚಿಕ್ಕೂ,

ಒಳಗೆ ಹೋಯಿತು ಎಂದು ಓದಿ ಅರ ಕೆಳಗಿಟ್ಟು ಒಂದು ಸುತ್ತು ಬೀದಿಯಲ್ಲಿ ನಡೆದು ಬಂದೆ. ಪಕ್ಕದ ಟೈಲರಮ್ಮ "ಏನ್ರೀ, ಲಾಟರಿ ಹೊಡೀತಾ?" ಅಂದಳು. ಹೂಂ ಅಂದೆ.

ಜನವರಿಯಲ್ಲಿ ಬರೆದದ್ದನ್ನು ಮನಸ್ಸಿಗೆ ಹಚ್ಚಿಕೊಳ್ಳಬೇಡ. ನಿನ್ನ ಬೆನ್ನು ನೆಟ್ಟಗೇ ಇದೆ. ಗಿರಗಿಟ್ಲೆಗೆ ನಾನೇ ಬೇರೆ ಮಾಡಿಕೊಟ್ಟೆ, ಸೀಲಿಲ್ಲದ್ದು. ಕೀಲಿಗೆ ದಾರ ಕಟ್ಟಿ ಕುತ್ತಿಗೆಗೆ ಹಾಕಿಕೊಂಡು ಕಂಡವರಿಗೆಲ್ಲ ತೋರಿಸುತ್ತಿದ್ದಾಳೆ.

ಶುಲ್ಕ ಕಟ್ಟಿದ ರಸೀದಿಯ ನಕಲು ಕಳಿಸು. ಪೇಟೆಂಟ್ ಪತ್ರದ ಪಕ್ಕದಲ್ಲಿ ಅಂಟಿಸುತ್ತೇನೆ.

ಅಕ್ಕ

ಏಪ್ರಿಲ್ 29

ರಸೀದಿ ಕೇಳಿ ಏಳು ವಾರವಾಯಿತು. ಫೋನಿನಲ್ಲಿ ಕೇಳಿದರೆ "ಕಳಿಸ್ತೀನಿ ಅಕ್ಕ, ಜೆರಾಕ್ಸ್ ಅಂಗಡಿ ಮುಚ್ಚಿತ್ತು" ಅಂತೀಯ. ಕೋರ್ಟಿನ ಎದುರಿನ ಜೆರಾಕ್ಸ್ ಅಂಗಡಿ ಏಳು ವಾರ ಮುಚ್ಚಿದರೆ ಕೋರ್ಟೇ ಮುಚ್ಚಬೇಕಾಗುತ್ತದೆ. ನಿನಗೆ ಹುಷಾರಿಲ್ಲವೇ? ಏನಾದರೂ ಮುಚ್ಚಿಡುತ್ತಿದ್ದೀಯಾ? ಕಾಯಿಲೆಯಾಗಿದ್ದರೆ ಹೇಳು, ಬರುತ್ತೇನೆ.

ಅಕ್ಕ

ಜೂನ್ 11

ನಿನ್ನನ್ನು ಏನೆಂದು ಕರೆಯಬೇಕೋ ತಿಳಿಯದೆ ಹಾಗೇ ಶುರು ಮಾಡುತ್ತಿದ್ದೇನೆ.

ಇವತ್ತು ಕಂಪನಿಯ ಒಬ್ಬ ಟೈ ಕಟ್ಟಿದವನು ಬಂದಿದ್ದ. ನಮ್ಮ ಹಿಂದಿನ ಕೋಣೆಯಲ್ಲಿ ಕುರ್ಚಿಯಿಲ್ಲ, ನಿಂತೇ ಮಾತಾಡಿದ. ಹಿಂದಿನ ಕೋಣೆ ಯಾಕೆ ಅಂತೀಯಾ? ಮುಂದಿನ ಕೋಣೆಯನ್ನು ಫೆಬ್ರವರಿಯಲ್ಲೇ ಮೊಬೈಲ್ ರಿಪೇರಿಯವನಿಗೆ ಐದು ವರ್ಷಕ್ಕೆ ಬಿಟ್ಟುಕೊಟ್ಟೆ, ಮುಂಗಡ ತೆಗೆದುಕೊಂಡು. ನಿನಗೆ ಕಳಿಸಿದ್ದು ಅದೇ. ಈಗ ಮಕ್ಕಳ ಕಾಲಿನ ಅಚ್ಚುಗಳನ್ನು ಮಂಚದ ಕೆಳಗೆ ಇಟ್ಟಿದ್ದೇನೆ, ಅಳತೆಯನ್ನು ಓಣಿಯಲ್ಲಿ ತೆಗೆಯುತ್ತೇನೆ. "ನಿನ್ನ ಕೈಯಲ್ಲಿ ಅಷ್ಟು ಇತ್ತು ಎಂದು ಗೊತ್ತಿರಲಿಲ್ಲ, ಸಂತೋಷ" ಎಂದು ಬರೆದಿದ್ದೆಯಲ್ಲ. ಸಂತೋಷಪಡು.

ಅವನು ನಯವಾಗಿ ಹೇಳಿದ: "ಮೇಡಂ, ಜಗಳ ಯಾಕೆ? ನಿಮ್ಮ ಹಕ್ಕಿನ ಬೆಲೆ ಎಷ್ಟು ಅಂತ ನೀವೇ ಬರೆದಿದ್ದೀರಿ. ನಾವು ಅದರ ಎರಡರಷ್ಟು ಕೊಡ್ತೀವಿ. ಶಾಶ್ವತವಾಗಿ ನಮಗೇ ಬರೆದುಕೊಡಿ." ನಾನು ಮನಸ್ಸಿನಲ್ಲೇ ಎಂಬತ್ನಾಲ್ಕು ಲಕ್ಷ ಎಂದು ಲೆಕ್ಕ ಹಾಕಿ, ಅಷ್ಟು ಕೊಟ್ಟರೂ ಇಲ್ಲ ಅಂದೆ. ಅವನು ನಕ್ಕ. "ಎಂಬತ್ನಾಲ್ಕು ಎಲ್ಲಿಂದ ಬಂತು ಮೇಡಂ? ಆರು ಲಕ್ಷ." ನಿನ್ನ ಅರ್ಜಿಯ ನಕಲು ತೆಗೆದು ತೋರಿಸಿದ. ಬೆಲೆ ಬರೆಯುವ ಜಾಗದಲ್ಲಿ ಮೂರು ಲಕ್ಷ. ನಿನ್ನ ಅಕ್ಷರ. ಕೆಳಗೆ ನನ್ನ ಸಹಿ.

ನನ್ನ ಸಹಿ ಹೇಗೆ ಬಂತು ಎಂದು ಬಹಳ ಹೊತ್ತು ನೋಡಿದೆ. ಆಮೇಲೆ ಹೊಳೆಯಿತು. ನಮ್ಮ ಕಾರ್ಬನ್ನು ಅಳತೆ ಚೀಟಿಯ ಗಾತ್ರಕ್ಕೆ ಕತ್ತರಿಸಿದ್ದು. ಕೋರ್ಟಿನ ಕಾಗದ ಅದಕ್ಕಿಂತ ನಾಲ್ಕು ಬೆರಳು ಉದ್ದ. ಮೇಲಿನ ಸಾಲುಗಳಿಗೆ ಕಾರ್ಬನ್ನೇ ಇರಲಿಲ್ಲ, ಎರಡನೇ ಪ್ರತಿಯಲ್ಲಿ ಬೆಲೆಯ ಜಾಗ ಖಾಲಿ ಬಿದ್ದಿದೆ. ಸಹಿಯನ್ನು ಮಾತ್ರ ಅಭ್ಯಾಸದಂತೆ ಎರಡರ ಮೇಲೂ ಬೇರೆ ಬೇರೆ ಹಾಕಿದ್ದೇನೆ. ಎಲ್ಲರ ಅಳತೆ ತೆಗೆಯುವ ನಾನು ಒಂದು ಕಾಗದದ ಅಳತೆ ನೋಡಲಿಲ್ಲ. ನನ್ನ ತಪ್ಪು. ಆದರೆ ತುಂಬಿದ ಪ್ರತಿ ಪಕ್ಕದಲ್ಲೇ ಇರುವಾಗ ಖಾಲಿಯನ್ನು ಎತ್ತಿಕೊಂಡವನು ನೀನು.

ಎಡಗಾಲಿನ ಜಾಗದಲ್ಲಿ ಬಲಗಾಲಿನ ಅಳತೆ ಬರೆದನಲ್ಲ ಆ ಕೆಲಸದವನು, ಅವನು ಕೂಡ ಒಳ್ಳೆಯದಕ್ಕೇ ಎಂದುಕೊಂಡೇ ಬರೆದಿದ್ದ.

ವಕೀಲಮ್ಮನಿಗೆ ನಾನೇ ಫೋನು ಮಾಡಿದೆ. ಈಗ ಬೆಲೆ ತಿದ್ದಬೇಕಾದರೆ ಹೊಸ ದರವಂತೆ, ಆರು ಲಕ್ಷದ ಮೂವತ್ತು ಸಾವಿರವಂತೆ. ಅಂದರೆ ನಾನು ಹಕ್ಕನ್ನೇ ಮಾರಿದರೂ ಅದನ್ನು ಉಳಿಸಿಕೊಳ್ಳುವ ಶುಲ್ಕಕ್ಕೆ ಸಾಲುವುದಿಲ್ಲ. ಜುಲೈ ಹದಿನೆಂಟಕ್ಕೆ ವಿಚಾರಣೆ. ಅವತ್ತು ಕಂಪನಿಯವರು ಕೋರ್ಟಿನ ಮುಂದೆಯೂ ಇದೇ ಮಾತು ಹೇಳುತ್ತಾರಂತೆ: ಅವಳೇ ಕಟ್ಟಿದ ಬೆಲೆಗೆ ಎರಡರಷ್ಟು ಕೊಡುತ್ತೇವೆ ಎಂದರೂ ಒಪ್ಪದವಳು ಹಟಮಾರಿ ಎಂದು.

ಕಂಪನಿಯವರು ಪಟ್ಟಿ ಕದ್ದರು. ಅದಕ್ಕೆ ಬೆಲೆ ಕಟ್ಟಿಕೊಟ್ಟವನು ನೀನು. ಯಾರ ಮೇಲೆ ಹೆಚ್ಚು ಸಿಟ್ಟು ಎಂದು ಕೇಳಿದರೆ ಹೇಳುತ್ತೇನೆ, ನಿನ್ನ ಮೇಲೆ.

ಜೂನ್ 17

ಅಕ್ಕ,

ಎಲ್ಲ ನಿಜ. ಖಾಲಿ ಪ್ರತಿ ನೋಡಿದಾಗ ಮೊದಲು ನೀನೇ ಮನಸ್ಸು ಬದಲಿಸಿ, ಬಾಯಿಬಿಟ್ಟು ಹೇಳಲಾರದೆ ಹೀಗೆ ಕಳಿಸಿದ್ದೀಯ ಎಂದುಕೊಂಡೆ. ಅರ್ಧ ದಿನ ಹಾಗೆ ನಂಬಿದೆ. ಆಮೇಲೆ ನಂಬಿದ ಹಾಗೆ ನಟಿಸಿದೆ. ಫೆಬ್ರವರಿ ಇಪ್ಪತ್ತೇಳರಂದು ಸಾಲಿನಲ್ಲಿ ಎರಡೂ ಪ್ರತಿ ಕೈಯಲ್ಲಿದ್ದವು. ನನ್ನ ಮುಂದೆ ನಿಂತಿದ್ದವಳು ಶುಲ್ಕ ಕೇಳಿ ಅಲ್ಲೇ ಗೋಡೆ ಹಿಡಿದು ಕುಸಿದಳು. ಆಗ ಖಾಲಿಯದನ್ನು ತುಂಬಿದೆ.

ನಿನ್ನ ದುಡ್ಡಿನಲ್ಲಿ ಎರಡು ಲಕ್ಷ ನಲವತ್ತೊಂದು ಸಾವಿರ ಹಾಗೇ ಇದೆ, ವಿಚಾರಣೆಗೆಂದು ತೆಗೆದಿಟ್ಟಿದ್ದೆ. ಅದು ಮುಂದಿನ ಕೋಣೆ ಎಂದು ನನಗೆ ಗೊತ್ತಿರಲಿಲ್ಲ. ನೀನೂ ಹೇಳಲಿಲ್ಲ. ನಿನಗೆ ನನ್ನ ಮೇಲೆ ಸಿಟ್ಟು ಬರುವುದು ಸರಿಯೇ, ಆದರೆ ಆ ಕೋಣೆಯಲ್ಲಿ ಅಪ್ಪನ ಬೆಂಚಿತ್ತು, ನಾನೂ ಆ ಬೆಂಚಿನ ಮೇಲೆ ಕೂತವನೇ ಎಂದು ನೀನೇ ಬರೆದೆ. ಬಿಟ್ಟುಕೊಡುವ ಮೊದಲು ನನ್ನನ್ನೂ ಒಂದು ಮಾತು ಕೇಳಬಹುದಿತ್ತು.

ಈಗ ದಾರಿ. ವಕೀಲಮ್ಮ ಹೇಳಿದ್ದು ಪೂರ್ತಿ ಸರಿಯಲ್ಲ, ಅವರು ನಿಯಮದ ಕೊನೆಯ ಸಾಲು ಮರೆತಿದ್ದಾರೆ. ಅರ್ಜಿದಾರರು ಮನಸ್ಸು ಬದಲಿಸಿ ಬೆಲೆ ತಿದ್ದಿದರೆ ಹೊಸ ದರ. ಅರ್ಜಿದಾರರು ಹೇಳಿದ್ದೇ ಒಂದು, ಗುಮಾಸ್ತ ಬರೆದದ್ದೇ ಒಂದು ಎಂದು ರುಜುವಾತಾದರೆ, ಅರ್ಜಿ ಹಾಕಿದ ದಿನದ ದರ. ಅಂದರೆ ಎರಡು ಲಕ್ಷದ ಒಂದು ಸಾವಿರ ಕಟ್ಟಿದರೆ ನಿನ್ನ ಅಂಕಿ ಮೊದಲಿನಿಂದಲೂ ಇದ್ದ ಹಾಗೆ ಆಗುತ್ತದೆ. ಆ ದುಡ್ಡು ನಮ್ಮ ಹತ್ತಿರ ಇದೆ.

ರುಜುವಾತಿಗೆ ನೀನು ತುಂಬಿದ ಪ್ರತಿ ನನ್ನ ಹತ್ತಿರವಿದೆ. ಆದರೆ ಅದನ್ನು ನಾವು ಈಗ ತುಂಬಿದ್ದೇವೆ ಎಂದು ಅವರು ಹೇಳಬಹುದು. ಜನವರಿ ಇಪ್ಪತ್ತೊಂದರ ನಿನ್ನ ಕಾಗದವಿದೆ, ಕೊರಿಯರಿನ ಮುದ್ರೆ ಬಿದ್ದ ಕವರಿನ ಸಮೇತ. ಅದನ್ನು ಕೋರ್ಟಿಗೆ ಕೊಡಬೇಕು. ಎಲ್ಲರ ಮುಂದೆ ಓದುತ್ತಾರೆ. ನಿನಗೆ ಒಪ್ಪಿಗೆಯೇ?

ಈ ಸಲ ಕೇಳುತ್ತಿದ್ದೇನೆ.

ತಮ್ಮ

ಜೂನ್ 22

ಕೊಡು. ಬೈದದ್ದನ್ನೆಲ್ಲ ಸೇರಿಸಿ ಕೊಡು, ಒಂದಕ್ಷರ ಬಿಟ್ಟರೆ ನೋಡು. ನಾನು ಅವತ್ತು ಎಷ್ಟು ಸಿಟ್ಟಾಗಿದ್ದೆ ಎಂದು ಆ ಟೈ ಕಟ್ಟಿದವನೂ ಕೇಳಿಸಿಕೊಳ್ಳಲಿ.

ಸಿಟ್ಟು ಇನ್ನೂ ಇಳಿದಿಲ್ಲ. ಅದನ್ನೂ ಬೇಕಾದರೆ ಕೋರ್ಟಿಗೆ ಹೇಳು.

ಜುಲೈ 19

ಅಕ್ಕನಿಗೆ ನಮಸ್ಕಾರ.

ನಿನ್ನೆ ಆಯಿತು. ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ.

ಕೋರ್ಟಿನ ಕೋಣೆ ಚಿಕ್ಕದು, ಫ್ಯಾನು ಒಂದೇ, ಅದೂ ನ್ಯಾಯಾಧೀಶರ ತಲೆಯ ಮೇಲೆ. ಕಂಪನಿಯ ಕಡೆ ಐದು ಜನ ವಕೀಲರು. ಮೊದಲು ಅವರೇ ಎದ್ದು, "ಆಕೆಯೇ ಕಟ್ಟಿದ ಬೆಲೆ ಇದು. ಎರಡರಷ್ಟು ಕೊಡ್ತೀವಿ ಅಂದರೂ ಬೇಡ ಅಂತಾರೆ. ಈ ಕೇಸು ನಡೆಸೋದರಲ್ಲಿ ಅರ್ಥ ಇಲ್ಲ" ಅಂದರು. ನ್ಯಾಯಾಧೀಶರೂ ತಲೆ ಆಡಿಸಿದರು.

ಆಮೇಲೆ ವಕೀಲಮ್ಮ ನಿನ್ನ ಕಾಗದ ಕೊಟ್ಟರು. ಕೋರ್ಟಿನ ಬರಹಗಾರ ಎದ್ದು ನಿಂತು ಓದಿದ. ಅವನು ಎಲ್ಲವನ್ನೂ ಒಂದೇ ಧ್ವನಿಯಲ್ಲಿ ಓದುವವನು, ತೀರ್ಪಾದರೂ ಅಷ್ಟೇ, ಸಮನ್ಸಾದರೂ ಅಷ್ಟೇ. "ಗುಮಾಸ್ತರೇ, ಖಾಲಿ ಬಿಡು ಅಂತೀಯಾ" ಎಂದು ಶುರು ಮಾಡಿದ. ಅಪ್ಪನ ಚೀಟಿಯ ವಿಷಯವನ್ನೂ ಹಾಗೇ ಓದಿದ. ಆರುನೂರು, ಏಳು ಸಾವಿರ, ನಲವತ್ತೆರಡು ಲಕ್ಷ ಎಂದಾಗ ನ್ಯಾಯಾಧೀಶರು ಪೆನ್ನು ತೆಗೆದು ತಾವೇ ಗುಣಿಸಿ ನೋಡಿದರು. "ನನ್ನ ಅಂಕಿ ಮುಟ್ಟಬೇಡ" ಎಂಬುದನ್ನು ಎರಡು ಸಲ ಓದಿಸಿದರು. ಬೆನ್ನಿಗೆ ಪಟ್ಟಿ ಕಟ್ಟಬೇಕು, ಅಳತೆ ಕಳಿಸು ಎಂಬಲ್ಲಿ ಆ ಐದು ಜನ ನಕ್ಕರು, ವಕೀಲಮ್ಮ ಕೂಡ ಕರ್ಚೀಫಿನಿಂದ ಬಾಯಿ ಮುಚ್ಚಿಕೊಂಡರು.

"ಯಾರು ಈ ಗುಮಾಸ್ತ?" ಎಂದರು ನ್ಯಾಯಾಧೀಶರು. ನಾನು ಹಿಂದಿನ ಬಾಗಿಲ ಹತ್ತಿರ ನಿಂತಿದ್ದೆ. ಮುಂದೆ ಹೋದೆ.

"ಇದು ಕೈತಪ್ಪಿ ಆದದ್ದೋ?"

ಹೌದು ಎಂದಿದ್ದರೆ ಆಗುತ್ತಿತ್ತು. ಆದರೆ ಅಲ್ಲೂ ಸುಳ್ಳು ತುಂಬುವುದು ಬೇಡ ಅನಿಸಿತು. "ಇಲ್ಲ ಸ್ವಾಮಿ. ಅವರು ಏನು ಬರೆದಿದ್ರು ಅಂತ ಗೊತ್ತಿತ್ತು. ಗೊತ್ತಿದ್ದೇ ಬೇರೆ ಬರೆದೆ. ಶುಲ್ಕ ಕಟ್ಟಲಾರದೆ ಮಧ್ಯದಲ್ಲೇ ಬಿಟ್ಟು ಹೋಗ್ತಾರೆ ಅಂತ ಹೆದರಿದೆ" ಅಂದೆ.

ಅವರು ಕನ್ನಡಕ ತೆಗೆದು ನನ್ನನ್ನು ನೋಡಿದರು. "ಬಿಟ್ಟು ಹೋಗೋ ಹೆಂಗಸಿನ ಕಾಗದದ ಹಾಗೆ ಕಾಣ್ತಿಲ್ಲವಲ್ಲ ಇದು" ಎಂದರು.

ಹಳೇ ದರದಲ್ಲೇ ತಿದ್ದಲು ಒಪ್ಪಿದರು. ಮಧ್ಯಾಹ್ನವೇ ಕಟ್ಟಿದೆ, ರಸೀದಿಯ ನಕಲು ಇದರ ಜೊತೆ ಇದೆ. ಇನ್ನೊಂದು ವಿಷಯ ಕೇಳಿ ನಿನಗೆ ಖುಷಿಯಾಗುತ್ತದೆ. ನಿನ್ನ ಪೇಟೆಂಟ್ ರದ್ದು ಮಾಡಿ ಎಂದು ಅವರು ಹಾಕಿದ ಎದುರು ಅರ್ಜಿಗೂ ನಮ್ಮ ಬೆಲೆಯ ಮೇಲೇ ಶುಲ್ಕ. ಅವರು ಹಾಕಿದ್ದು ಮಾರ್ಚ್ ಆದ ಮೇಲೆ. ಹಾಗಾಗಿ ಹೊಸ ದರ, ಅದೂ ನಲವತ್ತೆರಡು ಲಕ್ಷದ ಮೇಲೆ. ಐದು ಜನವೂ ಒಟ್ಟಿಗೆ ಎದ್ದು ಸಮಯ ಕೇಳಿದರು. ಕಡಿಮೆ ಬರೆದು ನಾನು ಅವರ ಖರ್ಚನ್ನೂ ಉಳಿಸಿಕೊಟ್ಟಿದ್ದೆ ಅಕ್ಕ. ಹದಿನಾರು ವರ್ಷ ಖರ್ಚಿನ ಯೋಜನೆ ಮಾಡಿದವನಿಗೆ ಇದು ಹೊಳೆಯಲಿಲ್ಲ.

ಅಕ್ಟೋಬರಿನಲ್ಲಿ ಮುಂದಿನ ದಿನ. ಅಲ್ಲಿಯವರೆಗೆ ಸೀಲು ಒತ್ತಿದ ಕ್ಯಾಲಿಪರ್ ಮಾರಬಾರದು ಎಂದು ಆದೇಶವಾಗಿದೆ.

ನಾನು ಚೆನ್ನಾಗಿದ್ದೇನೆ. ಕೆಲಸ ಸ್ವಲ್ಪ ಕಡಿಮೆ.

ತಮ್ಮ

ಜುಲೈ 28

ಚಿಕ್ಕು,

ಕೆಲಸ ಸ್ವಲ್ಪ ಕಡಿಮೆಯಂತೆ! ನೀನು ಸಾಯುವವರೆಗೆ ಹೀಗೇ ಏನೋ?

ವಕೀಲಮ್ಮ ಮೊನ್ನೆ ಫೋನು ಮಾಡಿದ್ದರು, ಅಕ್ಟೋಬರಿನ ವಿಚಾರಣೆಯ ಮಾತಾಡಲು. ತಮ್ಮ ಫೀಸು ಕೇಸು ಮುಗಿದ ಮೇಲೆ ತೆಗೆದುಕೊಳ್ಳುತ್ತೇನೆ ಎಂದರು. ಆಮೇಲೆ ಗಂಟಲು ಸರಿಮಾಡಿಕೊಂಡು, "ನಿಮ್ಮ ತಮ್ಮನ ಜಾಗಕ್ಕೆ ಯಾರೂ ಸಿಕ್ಕಿಲ್ಲ" ಎಂದರು. ಯಾಕೆ, ಅವನೆಲ್ಲಿ ಹೋದ ಅಂದೆ. ಆಗ ಗೊತ್ತಾಯಿತು. ಗೊತ್ತಿದ್ದೇ ಬೇರೆ ಬರೆದೆ ಎಂದು ಒಪ್ಪಿಕೊಂಡ ಗುಮಾಸ್ತನ ಪರವಾನಗಿ ಕಾರ್ಡು ಅವತ್ತೇ ಕಿತ್ತುಕೊಳ್ಳುತ್ತಾರಂತೆ, ಇನ್ನು ಯಾವ ಕೋರ್ಟಿನ ಕೌಂಟರಿನ ಮುಂದೆಯೂ ನಿಲ್ಲುವ ಹಾಗಿಲ್ಲವಂತೆ. ಜೂನ್ ಹದಿನೇಳರ ಕಾಗದದಲ್ಲಿ ನಿಯಮದ ಕೊನೆಯ ಸಾಲು ಬರೆದೆಯಲ್ಲ, ಅದರ ಕೆಳಗೆ ಇನ್ನೂ ಒಂದು ಸಾಲಿತ್ತು. ಅದನ್ನು ಬರೆಯಲಿಲ್ಲ. "ಈ ಸಲ ಕೇಳುತ್ತಿದ್ದೇನೆ" ಎಂದು ಬರೆದು ಅರ್ಧವನ್ನೇ ಕೇಳಿದೆ. ಪೂರ್ತಿ ಹೇಳಿದ್ದರೆ ನಾನು ಒಪ್ಪುತ್ತಿದ್ದೆನೇ? ಒಪ್ಪುವುದಿಲ್ಲ ಎಂದು ಗೊತ್ತಿದ್ದೇ ಆ ಜಾಗವನ್ನೂ ಖಾಲಿ ಬಿಟ್ಟಿದ್ದೀಯ.

ಎರಡು ಸಲ ನನ್ನ ಪರವಾಗಿ ನೀನೇ ತುಂಬಿದೆ. ಮೊದಲನೆಯ ಸಲ ನನ್ನನ್ನು ಅಗ್ಗ ಮಾಡಿದೆ, ಎರಡನೆಯ ಸಲ ನಿನ್ನನ್ನೇ. ಯಾವುದಕ್ಕೆ ಹೆಚ್ಚು ಸಿಟ್ಟು ಮಾಡಬೇಕೆಂದು ಎರಡು ದಿನದಿಂದ ಯೋಚಿಸಿ ಅರ್ಧ ಡಜನ್ ಪಟ್ಟಿ ಹಾಳು ಮಾಡಿದೆ. ಕ್ಷಮಿಸಿದ್ದೇನೆ ಎಂದು ತಿಳಿಯಬೇಡ, ಅದಕ್ಕೆ ಇನ್ನೂ ಬಹಳ ದಿನ ಬೇಕು. ಆಮೇಲೆ ಅತ್ತುಬಿಟ್ಟೆ, ಅದೂ ನಿನ್ನ ಮೇಲಿನ ಸಿಟ್ಟಿಗೇ.

ಈಗ ಕೇಳು. ಸೀಲು ಒತ್ತಿದ ಕ್ಯಾಲಿಪರ್ ಹಾಕಿಕೊಂಡ ಮಕ್ಕಳ ತಂದೆತಾಯಿ ಆದೇಶದ ಸುದ್ದಿ ಕೇಳಿ ಒಬ್ಬೊಬ್ಬರಾಗಿ ಇಲ್ಲಿಗೇ ಬರುತ್ತಿದ್ದಾರೆ. ಮೊನ್ನೆ ಒಂದೇ ದಿನ ಒಂಬತ್ತು ಜನ ಓಣಿಯಲ್ಲಿ ನಿಂತಿದ್ದರು. ನಾನು ಅಳೆಯುತ್ತೇನೆ, ಬರೆಯಲು ಯಾರೂ ಇಲ್ಲ. ಅಕ್ಟೋಬರಿಗೆ ಎಷ್ಟು ಬೇಕು, ಆಮೇಲೆ ಎಷ್ಟು ಬೇಕು, ಯಾವಾಗ ಎಲ್ಲಿಂದ ತರಬೇಕು ಎಂದು ಕೂತು ಯೋಜನೆ ಹಾಕುವವರೂ ಇಲ್ಲ. ಮೊಬೈಲಿನವನು ಒಂದು ಮೂಲೆ ಬಿಟ್ಟುಕೊಡಲು ಒಪ್ಪಿದ್ದಾನೆ, ಅಲ್ಲಿ ಅಪ್ಪನ ಬೆಂಚು ಹಿಡಿಸುತ್ತದೆ. ಅಳೆದು ನೋಡಿದ್ದೇನೆ.

ಇದರ ಜೊತೆ ಒಂದು ಅಳತೆ ಚೀಟಿ ಇಟ್ಟಿದ್ದೇನೆ. ಹಿಂಬದಿಯಲ್ಲಿ ಬರೆದದ್ದನ್ನು ಓದು. ಕೆಲಸ: ಚೀಟಿ ಮತ್ತು ಲೆಕ್ಕ ಬರೆಯುವುದು. ಸ್ಥಳ: ಬೆಂಚು. ಶುರು: ಆಗಸ್ಟ್ ಒಂದು. ಎಲ್ಲ ಶಾಯಿಯಲ್ಲಿದೆ, ಕೆಳಗೆ ನನ್ನ ಸಹಿಯೂ ಇದೆ. ಸಂಬಳದ ಜಾಗ ಮಾತ್ರ ಖಾಲಿ ಬಿಟ್ಟಿದ್ದೇನೆ.

ಈ ವರ್ಕ್‌ಶಾಪಿನಲ್ಲಿ ಅಪ್ಪ ಹೋದ ಮೇಲೆ ಖಾಲಿ ಜಾಗದ ಕೆಳಗೆ ನಾನು ಬೇಕೆಂದೇ ಸಹಿ ಹಾಕಿದ್ದು ಇದೊಂದೇ ಚೀಟಿಗೆ. ನೀನೇ ತುಂಬಿಕೊಂಡು ಬಾ.

ಕಡಿಮೆ ಬರೆದಿದ್ದರೆ ಬಾಗಿಲಲ್ಲೇ ಹರಿದು ಹಾಕುತ್ತೇನೆ.

ಅಕ್ಕ